ಅದೇ ಸೆಟ್ಟು, ಸ್ಪ್ಯಾನಿಷ್ ಪತ್ತೇದಾರ

ಮಾತಿನ ಸಿನಿಮಾ ಹೊಸದಾಗಿ ಬಂದ ಕಾಲದಲ್ಲಿ ಹಾಲಿವುಡ್‌ನವರು ಕೆಲವು ಪತ್ತೇದಾರಿ ಚಿತ್ರಗಳನ್ನು ಎರಡೆರಡು ಸಲ ತೆಗೆಯುತ್ತಿದ್ದರು. ಹಗಲು ಇಂಗ್ಲಿಷ್ ನಟರು, ರಾತ್ರಿ ಅದೇ ಸೆಟ್ಟಿನಲ್ಲಿ ಸ್ಪ್ಯಾನಿಷ್ ನಟರು. ಅದೇ ಸೋಫಾ, ಅದೇ ಪಿಸ್ತೂಲು, ಹೆಣ ಬೀಳುವ ಜಾಗವೂ ಅದೇ. ಬರ್ಮಿಂಗ್‌ಹ್ಯಾಮ್‌ನಲ್ಲಿ ನಾನು ಪಿಎಚ್.ಡಿ. ಮಾಡುತ್ತಿರುವುದು ಇವುಗಳ ಮೇಲೆ. "ಇದಕ್ಕೂ ಓದೋದು ಅಂತಾರಾ?" ಎಂದು ಸಾಫ್ಟ್‌ವೇರ್ ಇಂಜಿನಿಯರ್ ಆದ ನನ್ನ ಗಂಡ ಕಾಲೆಳೆಯುತ್ತಿದ್ದ.

ಆದರೂ ಎಜ್‌ಬಾಸ್ಟನ್‌ನ ನಮ್ಮ ಫ್ಲ್ಯಾಟಿನಲ್ಲಿ ಭಾನುವಾರ ಮಧ್ಯಾಹ್ನ ನನ್ನ ಪಕ್ಕ ಸೋಫಾದಲ್ಲಿ ಕೂತು ನೋಡುತ್ತಿದ್ದ. ಅವನಿಗೆ ಸ್ಪ್ಯಾನಿಷ್ ಬಾರದು, ನಾನು ಕನ್ನಡದಲ್ಲಿ ಹೇಳುತ್ತಾ ಹೋಗಬೇಕು. ನನಗೋ ತಾಳ್ಮೆ ಕಡಿಮೆ. ಅವನ ಪ್ರಶ್ನೆಗಳಿಗೆ ರೋಸಿಹೋಗಿ ಕೊಲೆಗಾರ ಯಾರೆಂದು ಮೊದಲೇ ಹೇಳಿಬಿಡುತ್ತಿದ್ದೆ. "ಹಾಳ್ಮಾಡಿದ್ಯಲ್ಲೇ!" ಎಂದು ದಿಂಬು ಎಸೆಯುತ್ತಿದ್ದ.

ಹೋದ ಚಳಿಗಾಲ ಅವನ ಮೆದುಳಿಗೆ ಸೋಂಕು ತಗುಲಿತು. ಜೀವವೇನೋ ಉಳಿಯಿತು. ಮನೆಗೆ ಬಂದವನು ಟೀ ಕೊಟ್ಟರೆ "ಥ್ಯಾಂಕ್ಸ್ ಮೇಡಂ" ಅನ್ನುತ್ತಾನೆ. ಅದೇ ಸ್ವೆಟರು, ಅದೇ ಕೆಮ್ಮು. ನನ್ನನ್ನು ಮಾತ್ರ ಗುರುತಿಸುವುದಿಲ್ಲ. ಹಳೆಯ ಅಭ್ಯಾಸಗಳನ್ನು ಬಿಡಬೇಡಿ, ನೆನಪು ಬಂದರೂ ಬರಬಹುದು ಎಂದರು ಆಸ್ಪತ್ರೆಯವರು. ಬರಬಹುದಂತೆ! ನಾನು ಕೋಣೆಗೆ ಹೋದರೆ ಸಂಕೋಚದಿಂದ ಎದ್ದು ನಿಲ್ಲುವ ಗಂಡನ ಜೊತೆ ಬಾಳುವುದು ಹೇಗೆಂದು ಯಾವ ಡಾಕ್ಟರೂ ಹೇಳಿಕೊಡಲಿಲ್ಲ. ಗಂಡ ಕಣ್ಣೆದುರಿಗೇ ಇದ್ದಾನೆ, ಗೋಳೋ ಎಂದು ಅಳಲು ನನಗೆ ನೆಪವೂ ಇಲ್ಲ.

ಕಳೆದ ಭಾನುವಾರ, ನಾವು ಹಿಂದೆ ನೋಡಿದ್ದ ಸ್ಪ್ಯಾನಿಷ್ ಚಿತ್ರವೊಂದನ್ನು ಹಾಕಿ ಅವನ ಪಕ್ಕ ಕೂತೆ. ಬೇಕೆಂದೇ ತುಟಿ ಬಿಚ್ಚಲಿಲ್ಲ. ತೆರೆಯ ಮೇಲೆ ಪತ್ತೇದಾರ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದ. ನನ್ನ ಗಂಡ ಬೆರಳು ತೋರಿಸಿ, "ಆ ವಕೀಲನೇ ಕೊಲೆಗಾರ" ಎಂದ.

ಹೌದು, ಅವನೇ. ನಾನು ಥಟ್ಟನೆ ಅವನ ಕಡೆ ತಿರುಗಿದೆ. "ನಿಂಗ್ ಹೇಗೋ ಗೊತ್ತಾಯ್ತು?"

ಅವನು ನಕ್ಕ. ಎಷ್ಟೋ ತಿಂಗಳ ಮೇಲೆ ಆ ಹಳೆಯ ನಗು. "ನನ್ ಹೆಂಡ್ತಿ ಹೇಳಿದ್ಲು. ಎಲ್ಲಾ ಮೊದ್ಲೇ ಹೇಳಿ ಮಜಾ ಹಾಳ್ಮಾಡ್ತಾಳೆ ಅವ್ಳು."

"ನಾನೇ ಕಣೋ ಅದು."

ಪಾಪ ಅನ್ನುವಂತೆ ನನ್ನನ್ನು ನೋಡಿ ಬಾಗಿಲ ಕಡೆ ಕತ್ತು ತಿರುಗಿಸಿದ. "ಅವ್ಳು ಬರೋ ಹೊತ್ತಾಯ್ತು. ಬೇಜಾರ್ ಮಾಡ್ಕೋಬೇಡಿ ಮೇಡಂ, ಇದು ಅವ್ಳು ಕೂರೋ ಜಾಗ. ನೀವು ಆ ಕುರ್ಚೀಲಿ ಕೂತ್ಕೋತೀರಾ?"

ನಾನು ಎದ್ದು ಕುರ್ಚಿಗೆ ಹೋದೆ. ಅವನು ನನ್ನ ಜಾಗದಲ್ಲಿ ದಿಂಬು ಸರಿಮಾಡಿಟ್ಟು, ಬಾಗಿಲನ್ನೇ ನೋಡುತ್ತಾ ಕೂತ.