ಒಂದು ಗೇಣಿನ ಕಾಗದ

ಚಪ್ಪಲಿ ಕಾರ್ಖಾನೆಯ ಯಜಮಾನರನ್ನು ಬೆನ್ನ ಹಿಂದೆ ಎಲ್ಲರೂ ಗೇಣಪ್ಪ ಎನ್ನುತ್ತಿದ್ದರು. ರಬ್ಬರ್ ಹಾಳೆ ಕತ್ತರಿಸುವ ಕೆಲಸದಿಂದ ಮೇಲೆ ಬಂದವರು. ಅಳತೆಪಟ್ಟಿ ಎದುರಿಗಿದ್ದರೂ ನಂಬಿಕೆ ತಮ್ಮ ಗೇಣಿನ ಮೇಲೆಯೇ. ಬಡಗಿ ಮಾಡಿಕೊಟ್ಟ ಸ್ಟೂಲು, ಅಂಗಡಿಯಿಂದ ಬಂದ ಬಟ್ಟೆ, ಎಲ್ಲವೂ ಒಮ್ಮೆ ಆ ಬೆರಳುಗಳಡಿ ಹಾಯಬೇಕು. "ನನ್ನನ್ನೂ ಗೇಣು ಹಾಕಿಯೇ ಒಪ್ಪಿದ್ದು" ಎಂದು ಹೆಂಡತಿ ನಗುತ್ತಿದ್ದರು.

ಅಂದು ಗೇಣಿಗೆ ಸಿಕ್ಕಿದ್ದು ಒಂದು ಇಂಗ್ಲಿಷ್ ಕಾಗದ. ಪರದೇಶದ ವ್ಯಾಪಾರಿಯೊಬ್ಬ ಮೊದಲ ಸಲ ವಿಚಾರಿಸಿದ್ದ, ಅವನಿಗೆ ಕಳಿಸಬೇಕಾದ ಉತ್ತರ ಅದು. ಆ ಆರ್ಡರು ಸಿಕ್ಕರೆ ಸುಮ್ಮನೆ ಕೂತ ಎರಡನೇ ಯಂತ್ರ ಓಡುತ್ತದೆ. ತಪ್ಪಿದರೆ ಅದನ್ನು ಮಾರುವುದೇ. ಯಜಮಾನರಿಗೆ ಇಂಗ್ಲಿಷ್ ಬಾರದು. ಬರೆಯುವವಳು ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ ಅಕ್ಕನ ಮಗಳು.

"ನಾನು ಹೇಳಿದ್ದೇನು? ನಮ್ಮ ಮಾಲು ಚೀಪು, ಬೇಗ ತಗೊಳ್ಳಿ. ಅಷ್ಟೇ ತಾನೆ? ಇದು ಗೇಣುದ್ದ ಇದೆಯಲ್ಲೇ!"

"ಚೀಪ್ ಅಂತ ಬರೆದ್ರೆ ಕಳಪೆ ಅಂದ್ಕೊಳ್ತಾರೆ ಮಾವ. ಕಡಿಮೆ ಬೆಲೆ ಅಂತ ಬರ್ದಿದೀನಿ."

"ಅದಕ್ಕೆ ಎರಡು ಬೆರಳಗಲ ಸಾಕು. ಮಿಕ್ಕಿದ್ದು ಯಾರ ಮಾತು?"

ಅವಳು ಏನೋ ಹೇಳಹೋಗಿ ಸುಮ್ಮನಾದಳು. ಆ ಮೌನ ಅವರ ತಲೆಯಲ್ಲಿ ಹುಳ ಬಿಟ್ಟಿತು. ಹಿಂದಿನ ಬೀದಿಯ ಚಪ್ಪಲಿ ಕಾರ್ಖಾನೆಯವನು ಮೊನ್ನೆ ಅವಳೊಡನೆ ನಗುತ್ತ ನಿಂತಿದ್ದ. ಅವನ ವಿಳಾಸವನ್ನೇ ಇದರೊಳಗೆ ತುರುಕಿದ್ದರೆ?

"ಬೇರೆಯವರ ಹತ್ರ ಓದಿಸ್ತೀನಿ. ಏನಾದ್ರೂ ಹೆಚ್ಚುಕಮ್ಮಿ ಇದ್ರೆ ನಾಳೆಯಿಂದ ಬರ್ಬೇಡ. ಅಕ್ಕನಿಗೆ ನಾನೇ ಹೇಳ್ತೀನಿ."

"ಓದಿಸಿ" ಎಂದಳು. ದನಿ ಸಣ್ಣಗಿತ್ತು.

ಇಂಗ್ಲಿಷ್ ಬಲ್ಲ ಔಷಧಿ ಅಂಗಡಿಯವರು ಕಾಗದ ಕೈಗೆ ತಗೊಂಡು ಕನ್ನಡಕ ಏರಿಸಿದರು. ಯಜಮಾನರು ಬಾಗಿಲಿಗೆ ಬೆನ್ನು ಕೊಟ್ಟು, ಪಿಸುದನಿಯಲ್ಲಿ, "ಚೀಪು ಅನ್ನೋ ಪದ ಇದೆಯಾ ನೋಡಿ" ಎಂದರು.

"ಇಲ್ಲ ಅಣ್ಣ."

"ನೋಡಿದ್ರಾ! ಮತ್ತೇನಿದೆ? ಒಂದೂ ಬಿಡದೆ ಹೇಳಿ."

ಅವರು ಬಿಡಿಸಿ ಹೇಳತೊಡಗಿದರು. "ನಮ್ಮ ಬೆಲೆ ಉಳಿದವರಿಗಿಂತ ಕಡಿಮೆ, ಅಟ್ಟೆಯ ದಪ್ಪ ಕಡಿಮೆಯಲ್ಲ. ಇದರ ಜೊತೆ ಕಳಿಸಿರೋ ಮಾದರಿ ಜೋಡಿನ ಮಡಚಿ ನೋಡಿ, ಬಿರುಕು ಬಿಡೋಲ್ಲ. ಪಟ್ಟಿ ಹಿಡಿದು ಎಳೀರಿ, ಕಿತ್ತು ಬಂದ್ರೆ ವಾಪಸ್ ಕಳಿಸಿ..."

ಯಜಮಾನರ ಬಾಯಿ ಮುಂದಿನದನ್ನು ತಾನಾಗಿಯೇ ನುಡಿಯಿತು: "ಕಾಲಿಗೆ ಹಾಕ್ಕೊಂಡು ನಾಲ್ಕು ಹೆಜ್ಜೆ ನಡೀರಿ, ಆಮೇಲೆ ಮಾತಾಡೋಣ."

"ಅರೆ, ಹಾಗೇ ಇದೆ! ನಿಮಗೆ ಇಂಗ್ಲಿಷ್ ಯಾವಾಗ ಬಂತು?"

ಅದು ಅವರದೇ ಮಾತು. ಕಾರ್ಖಾನೆಯ ಮುಂಭಾಗದ ಮಳಿಗೆಗೆ ಬಂದ ಗಿರಾಕಿಗೆಲ್ಲ ಚಪ್ಪಲಿ ಮಡಚಿ ತೋರಿಸುತ್ತ ಹೇಳುವ ಮಾತು. ಅಲ್ಲಿ ನಿಂತು ಅವರು ಎಂದೂ ಚೀಪು ಅಂದವರಲ್ಲ.

ಹಿಂದಿರುಗಿದಾಗ ಅವಳು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಕೂತಿದ್ದಳು.

"ಆಗಲೇ ಹೇಳೋಕೇನಾಗಿತ್ತು?"

"ಹೇಳಿದ್ರೆ ನಂಬ್ತಿದ್ರಾ?"

ಅವರು ಕಾಗದವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ನೀವಿದರು. ಗೇಣು ಹಾಕಲು ಬೆರಳು ಬಿಡಿಸಲಿಲ್ಲ. ಆದರೂ ಹುಬ್ಬು ಗಂಟಿಕ್ಕಿತು.

"ಗೋಡೆಗೆ ಕಿವಿ ಕೊಟ್ಟು ಕೇಳ್ತಿದ್ದೀಯಾ ನನ್ನ ಮಾತನ್ನ?"

"ನೀವು ಮಾತಾಡಿದ್ರೆ ಬೀದಿಗೇ ಕೇಳುತ್ತೆ ಮಾವ."

"ಹಾಗಾದ್ರೆ ಹಿಂದಿನ ಬೀದಿಯವನಿಗೂ ಕೇಳ್ತಿರ್ಬೇಕು!"

ಎದ್ದು ಹೋಗಿ ಕಿಟಕಿಯನ್ನು ಭದ್ರವಾಗಿ ಮುಚ್ಚಿದರು. ಅಲ್ಲಿಂದಲೇ, ತಿರುಗಿ ನೋಡದೆ, "ಆ ಡಬ್ಬಿ ಹೊರಗೆ ತೆಗಿ. ಕಾಗದ ಇವತ್ತೇ ಹೋಗ್ಬೇಕು" ಎಂದರು.