ನಮ್ಮ ಚಪ್ಪರದ ಕೊನೇ ಬಾಗ್ಲು

ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗೋ ರಸ್ತೆ ಪಕ್ಕ, ಒಂದು ದೊಡ್ಡ ಹುಣಸೆಮರದ ಕೆಳಗೆ ನಮ್ಮನೆ ಬಡಗಿ ಚಪ್ಪರ ಇತ್ತು. ಈಗ ಅಲ್ಲಿ ಪಂಚರ್ ಅಂಗಡಿ ಐತೆ. ಮೊಮ್ಮಗಳು ಫೋನಾಗೆ ಕನ್ನಡ ಒತ್ತೋದು ಕಲಿಸಿದ್ಲು, ಅದಕ್ಕೆ ಬರೀತಿದೀನಿ. ಒಂದು ಅಕ್ಷರ ಒತ್ತಿದ್ರೆ ಮುಂದಿನ ಮಾತು ಏನು ಅಂತ ಫೋನೇ ತೋರಿಸ್ತೈತೆ. ನಮ್ಮತ್ತೆನೂ ಹಂಗೇ ಇದ್ಲು. ನಾನು ಬಾಯಿ ತೆಗೆಯೋಕೆ ಮುಂಚೆ ನನ್ನ ಮಾತು ಅವಳೇ ಆಡಿ ಮುಗಿಸ್ತಿದ್ಲು.

ಚಪ್ಪರ ಅಂದ್ರೆ ಬಾಳ ಏನಿಲ್ಲ. ನಾಕು ಕಲ್ಲುಕಂಬ, ಮ್ಯಾಲೆ ತೆಂಗಿನ ಗರಿ, ಕೆಳಗೆ ಕಾಲು ಇಟ್ಟಲ್ಲೆಲ್ಲ ಮರದ ಹೊಟ್ಟು. ಮಾವ ತೀರಿಕೊಂಡ ಮ್ಯಾಲೆ ನನ್ನ ಗಂಡನೇ ಅಲ್ಲಿ ಬಡಗಿ. ನೇಗಿಲು, ಕುಂಟೆ, ಎತ್ತು ಕಟ್ಟೋ ಗಾಡಿ ಮೂಕಿ, ತೊಟ್ಲು, ಮನೆ ಬಾಗ್ಲು, ಎಲ್ಲಾ ಮಾಡೋರು. ನಾನು ಗರಗಸದ ಆ ಕಡೆ ತುದಿ ಎಳೀತಿದ್ದೆ, ಉಳಿ ಮಸೆಯೋ ಕಲ್ಲಿಗೆ ನೀರು ಹಾಕ್ತಿದ್ದೆ, ಗೆರೆ ಹೊಡೆಯೋ ದಾರ ಹಿಡೀತಿದ್ದೆ. ಮರ ಕೆತ್ತೋ ಬಾಚಿ ಮಾತ್ರ ಹೆಂಗಸ್ರು ಮುಟ್ಟಂಗಿಲ್ಲ, ದಾಟಂಗೂ ಇಲ್ಲ. ಯಾಕೆ ಅಂತ ಒಂದ್ಸಲ ಅತ್ತೇನ ಕೇಳಿದೆ.

"ಮುಟ್ಟಂಗಿಲ್ಲ ಅಂದ್ರೆ ಮುಟ್ಟಂಗಿಲ್ಲ ಕಣೇ ತಾಯಿ" ಅಂದ್ಲು.

ಬಾಚಿ ಹೊಡೆಯೋದ್ಕಿಂತ ಗರಗಸ ಎಳೆಯೋದೇ ತ್ರಾಸು. ಅದಕ್ಕೆ ಯಾವ ಶಾಸ್ತ್ರನೂ ಅಡ್ಡ ಬರ್ಲಿಲ್ಲ ನೋಡ್ರಿ.

ಮದ್ವೆಯಾದ ಮಾರನೇ ವರ್ಷ ಇವ್ರು ಸಂಜೆ ಹೊತ್ತು ಎಡವೋಕೆ ಶುರು ಮಾಡಿದ್ರು. ಮೊದ್ಲು ನಾನು ನಗ್ತಿದ್ದೆ. ಆಮೇಲೆ ಒಂದಿನ ಬೆಳಕಿರೋವಾಗ್ಲೇ, ಕೈಗೆ ಕೊಟ್ಟ ಚಾ ಲೋಟನ ಬಿಟ್ಟು ಪಕ್ಕದ ಗಾಳೀನ ಹಿಡಿದ್ರು. ಅವತ್ತು ನಗು ಬರ್ಲಿಲ್ಲ. ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಹೋದ್ವಿ. ಡಾಕ್ಟ್ರು ಕಣ್ಣಿಗೆ ಲೈಟು ಬಿಟ್ಟು ನೋಡಿ, ಕಣ್ಣಿನ ಹಿಂದಿನ ನರ ಒಣಗ್ತಾ ಐತೆ, ಇದಕ್ಕೆ ಆಪರೇಷನ್ ಇಲ್ಲ, ನಿಧಾನಕ್ಕೆ ಪೂರ್ತಿ ಹೋಗ್ತೈತೆ ಅಂದ್ರು. ಬೇರೆ ಏನಾದ್ರೂ ಕೇಳೋದು ಐತಾ ಅಂದ್ರು. ಕೈ ಮುಗಿದು ಎದ್ದು ಬಂದ್ವಿ.

ಬಸ್ಸಾಗೆ ಇವ್ರು ಕಿಟಕಿ ಕಡೆ ಮುಖ ಮಾಡ್ಕಂಡು ಹೇಳಿದ್ರು, "ಯಾರ್ಗೂ ಹೇಳ್ಬ್ಯಾಡ."

"ಅತ್ತೆಗೆ?"

"ಅವಳಿಗೆ ಹೇಳಿದ್ರೆ ಊರಿಗೆ ಬ್ಯಾರೆ ಡಂಗುರ ಬ್ಯಾಡ."

ನಮಗೆ ಹೊಲ ಇಲ್ಲ, ತೋಟ ಇಲ್ಲ, ಇರೋದು ಆ ಕೈಕಸುಬು ಒಂದೇ. ಕಣ್ಣು ಕಾಣದ ಬಡಗಿ ಕೈಗೆ ಯಾರು ಮರ ಕೊಡ್ತಾರೆ? ಊರಿಗೆ ಗೊತ್ತಾದ ದಿನ ಚಪ್ಪರ ಮುಚ್ಚಿದಂಗೆ. ಅದಕ್ಕೆ ಅವತ್ತಿಂದ ನಾನೇ ಅವ್ರ ಕಣ್ಣಾದೆ. ಎದುರಿಗೆ ಕುಂತು, ಉಳಿ ಗೆರೆಯಿಂದ ಎಡಕ್ಕೆ ಜಾರಿದ್ರೆ ಬಳೆ ಆಡಿಸ್ತಿದ್ದೆ, ಬಲಕ್ಕೆ ಜಾರಿದ್ರೆ ಕೆಮ್ಮುತಿದ್ದೆ. ಆಚಾರಿ ಹೆಂಡ್ತಿಗೆ ಕ್ಷಯ ಅಂತ ಊರಾಗೆ ಸುದ್ದಿ ಆಯ್ತು. ಪಕ್ಕದ ಮನೆಯವ್ಳು ನನ್ನ ಲೋಟ ಬ್ಯಾರೆ ಇಟ್ಲು. ಇಡ್ಲಿ ಬಿಡು ಅಂದ್ಕಂಡೆ. ನನಗೆ ಕ್ಷಯ ಅಂದ್ರೂ ಅವ್ರ ಕೈಗೆ ಕೆಲ್ಸ ಬರ್ತಿತ್ತಲ್ಲ.

ಹಂಗೇ ನಡೀತಿರೋವಾಗ ಹೊಸದುರ್ಗದ ಕಡೆಯಿಂದ ಒಬ್ಬ ಗೌಡ ಬಂದ. ಕುರಿ ಸಾಕೋ ಮನೆತನ. ಹಳೇ ಮನೆ ಕೆಡವಿ ಹೊಸದು ಎಬ್ಬಿಸ್ತಿದ್ರು. ಅವ್ರ ಹೊಲದ ಬದುವಿನ ಬೇವಿನಮರ ಕಡಿಸಿ ಗಾಡಿ ಮ್ಯಾಲೆ ತಂದು ಹಾಕಿದ. ತಲೆಬಾಗ್ಲ ಚೌಕಟ್ಟು ಅದೇ ಮರದಾಗೆ ಆಗ್ಬೇಕು, ಬ್ಯಾರೆ ಮರ ಸೇರಂಗಿಲ್ಲ ಅಂತ ಅವರವ್ವ ಹೇಳಿ ಕಳಿಸಿದ್ಲಂತೆ.

ತಲೆಬಾಗ್ಲಿಗೆ ನಮ್ಮಲ್ಲಿ ಒಂದು ಕಟ್ಟುನಿಟ್ಟು ಐತೆ. ಮರ ಹೊಲದಾಗೆ ಹೆಂಗೆ ನಿಂತಿತ್ತೋ ಬಾಗ್ಲಾಗೂ ಹಂಗೇ ನಿಲ್ಬೇಕು. ಬುಡ ನೆಲಕ್ಕೆ, ತಲೆ ಮುಗಿಲಿಗೆ. ತಲೆಕೆಳಗಾಗಿ ನಿಂತ್ರೆ ಆ ಮನೆ ಉದ್ಧಾರ ಆಗಲ್ಲ, ನಿಲ್ಸಿದ ಬಡಗಿ ಕೈನೂ ಉದ್ಧಾರ ಆಗಲ್ಲ ಅಂತಾರೆ. ಮರ ಚೌಕ ಮಾಡಿ ಕೆತ್ತಿದ ಮ್ಯಾಲೆ ಬುಡ ಯಾವ್ದು ತಲೆ ಯಾವ್ದು ಗೊತ್ತಾಗಲ್ಲ ಅಂತ ಬುಡದ ಕಡೆ ಕೆಮ್ಮಣ್ಣು, ತಲೆ ಕಡೆ ಇದ್ಲಿ ಮಸಿ ಬಳೀತಾರೆ. ಗಂಟು ಇದ್ರೆ ಅದೂ ಹೇಳ್ತೈತೆ. ಕೊಂಬೆ ಯಾವಾಗ್ಲೂ ಮ್ಯಾಕೆ ಓಡೋದಲ್ವಾ, ಕೆತ್ತಿದ ಮ್ಯಾಲೂ ಗಂಟಿನ ಓರೆ ಮ್ಯಾಕೇ ಇರ್ತೈತೆ.

ಆಗ ನಾನು ಬಸುರಿ. ಮರ ಕುಯ್ದು, ಕೆಂಪು ಕಪ್ಪು ಬಳಿದು, ಚಪ್ಪರದಾಗೆ ಒರಗಿಸಿದ್ವಿ. ಕೆತ್ತೋ ಹೊತ್ತಿಗೆ ಸರಿಯಾಗಿ ನಮ್ಮವ್ವ ಹಿರಿಯೂರು ಕಡೆಯಿಂದ ಬಂದು, ಬಸುರಿ ಮಗಳನ್ನ ನಾಕು ದಿನ ಕರ್ಕಂಡು ಹೋಗ್ತೀನಿ ಅಂತ ಕುಂತ್ಲು. ಬರಲ್ಲ ಅಂದೆ. ಯಾಕೆ ಅಂತ ಹೇಳೋಂಗಿಲ್ಲ.

"ಗಂಡನ್ನ ಬಿಟ್ಟಿರೋಕಾಗಲ್ಲ ಇವ್ಳಿಗೆ, ಸೆರಗಿಗೆ ಗಂಟು ಹಾಕ್ಕಂಡು ಹೋಗು" ಅಂತ ಅತ್ತೆ ಎಲ್ರ ಮುಂದೆ ಆಡಿಕೊಂಡ್ಲು. ಮಾನ ಹೋಯ್ತು, ಹೊರಟೆ.

ಹೊರಡೋವಾಗ ಇವ್ರ ಹತ್ರ ಮೆಲ್ಲಗೆ ಹೇಳಿದೆ, "ನಾನು ಬರೋ ತಂಕ ಬಾಗ್ಲು ಕಂಬ ಮುಟ್ಟಬ್ಯಾಡ್ರಿ."

"ಹೂಂ" ಅಂದ್ರು.

ತವರಾಗೆ ನಮ್ಮವ್ವ ಬಯಕೆ ಊಟ ಅಂತ ಒಬ್ಬಟ್ಟು ಬಡಿಸಿದ್ಲು. ಎಲೆ ಪಕ್ಕಕ್ಕೆ ಸರಿಸಿ ಎದ್ದೆ. ಕಣ್ಣು ಮುಚ್ಚಿದ್ರೆ ಇವ್ರು ಉಳಿ ಹಿಡ್ಕಂಡು ಕೈ ಮ್ಯಾಲೆ ಹೊಡ್ಕಂಡಂಗೆ ಕಾಣೋದು. ಹೇಳಿದ ದಿನಕ್ಕೆ ಮುಂಚೆನೇ ಜಗಳ ಮಾಡ್ಕಂಡು ಬಸ್ಸು ಹತ್ತಿದೆ.

ಬಂದು ಇಳಿದ್ರೆ ಚಪ್ಪರದ ಮುಂದೆ ಗಾಡಿ ನಿಂತೈತೆ. ಗೌಡ ಮುಹೂರ್ತ ಮುಂಚೆನೇ ಇಡಿಸಿಬಿಟ್ಟಿದ್ನಂತೆ, ಅಯ್ನೋರು ಇದೇ ಒಳ್ಳೆ ದಿನ ಅಂದ್ರಂತೆ. ಇವ್ರು ಒಬ್ರೇ ಕುಂತು ಚೌಕಟ್ಟು ಮುಗಿಸಿದಾರೆ. ಅರಿಶಿಣ ಎಣ್ಣೆ ಬಳಿದು ಫಳಫಳ ಅಂತೈತೆ. ಹೊಸ್ತಿಲು, ಎರಡು ಕಂಬ, ಮ್ಯಾಲಿನ ಅಡ್ಡ, ಎಲ್ಲಾ ಕೂಡಿಸಿ ಕಟ್ಟಿ ಗಾಡಿಗೆ ಏರಿಸ್ತಿದಾರೆ.

"ಬುಡ ನೋಡಿದ್ರಾ?" ಅಂದೆ.

"ನೋಡಿದೀನಿ ನಡಿ" ಅಂದ್ರು. ಮುಖದ ಮ್ಯಾಲೆ ಗೆಲುವಿತ್ತು. ಬಾಳ ದಿನದ ಮ್ಯಾಲೆ ಕಂಡ ಗೆಲುವು, ಕೆಡಿಸೋಕೆ ಮನಸ್ಸಾಗ್ಲಿಲ್ಲ. ಅತ್ತೆ, ನಾನು, ಅವ್ರು ಮೂರೂ ಜನ ಅದೇ ಗಾಡೀಲಿ ಹೋದ್ವಿ.

ಗೌಡನ ಮನೆ ಮುಂದೆ ಊರೇ ಸೇರಿತ್ತು. ಗೋಡೆ ಸೊಂಟದ ಮಟ್ಟಕ್ಕೆ ಎದ್ದಿತ್ತು, ನಡುವೆ ಬಾಗ್ಲಿಗೆ ಜಾಗ ಬಿಟ್ಟಿದ್ರು. ಗೌಡನ ಅವ್ವ, ಮುದುಕಿ, ಕೋಲು ಊರ್ಕಂಡು ಬಂದು ಪದ್ಧತಿ ಪ್ರಕಾರ ಕೇಳಿದ್ಲು, "ಬುಡ ಯಾವ ಕಡೆ ಆಚಾರಿ?"

ಇವ್ರು ಕಂಬದ ಮ್ಯಾಲೆ ಕೈಯಿಟ್ಟು, "ಬುಡ ನೆಲಕ್ಕೆ, ತಲೆ ಮುಗಿಲಿಗೆ ತಾಯಿ" ಅಂದ್ರು.

ನನಗೆ ಮಾವಿನೆಲೆ ಕಟ್ಟೋ ಕೆಲ್ಸ ಹೇಳಿದ್ರು. ಚೌಕಟ್ಟು ಇನ್ನೂ ನೆಲದ ಮ್ಯಾಲೆ ಅಡ್ಡ ಮಲಗಿತ್ತು. ಎಡಗಂಬಕ್ಕೆ ಕಟ್ಟಿದೆ. ಬಲಗಂಬಕ್ಕೆ ಕಟ್ಟೋವಾಗ ಅರಿಶಿಣ ಬೆರಳಿಗೆ ಹತ್ತಿ, ಕೆಳಗೆ ಒಂದು ಗಂಟು ಕಾಣ್ತು. ಅದರ ಓರೆ ಹೊಸ್ತಿಲ ಕಡೆಗಿತ್ತು. ಇನ್ನೊಂದ್ಸಲ ಒರೆಸಿ ನೋಡಿದೆ. ಕೊಂಬೆ ನೆಲಕ್ಕೆ ಓಡ್ತೈತೆ. ಕಂಬ ತಲೆಕೆಳಗು.

ಕಂಬ ತಿರುಗ್ಸಿ ಹಾಕ್ಬೋದು ಅಂದ್ಕಬ್ಯಾಡ್ರಿ. ಕದ ಕೂರೋಕೆ ಕೆತ್ತಿದ ಮೆಟ್ಲು ಇರ್ತೈತೆ, ತಿರುಗ್ಸಿದ್ರೆ ಅದು ಗೋಡೆ ಕಡೆ ಹೋಗ್ತೈತೆ. ಹೊಸ ಕಂಬನೇ ಆಗ್ಬೇಕು. ಬಾಯಿ ಬಿಟ್ರೆ ಇವ್ರ ಕಣ್ಣಿನ ವಿಷ್ಯ ಇಷ್ಟು ಜನರ ಮುಂದೆ ಬಯಲು. ಬಿಡದಿದ್ರೆ ಆ ಮುದುಕಿ ಮನೆಗೆ ತಲೆಕೆಳಗಿನ ಬಾಗ್ಲು, ಅದರೊಳಗಿನ ಸಾವುನೋವೆಲ್ಲ ನಮ್ಮ ತಲೆ ಮ್ಯಾಲೆ.

ಗಂಡಸ್ರು ಎತ್ತೋಕೆ ಕೈ ಹಾಕಿದ್ರು. ಸದ್ಯಕ್ಕೆ ಎತ್ತೋದು ತಡೆದ್ರೆ ಸಾಕು, ಆಮೇಲೆ ಇವ್ರನ್ನ ಪಕ್ಕಕ್ಕೆ ಕರೆದು ಹೇಳ್ಬೋದು ಅನ್ನಿಸ್ತು. ಅತ್ತೆ ಸೊಂಟದ ಚೀಲದಾಗೆ ನಸ್ಯದ ಡಬ್ಬಿ ಇರೋದು. "ಅತ್ತೆ, ತುಸ ನಸ್ಯ ಕೊಡ್ರಿ, ತಲೆ ಸಿಡೀತೈತೆ" ಅಂದೆ.

"ಬಸುರಿಗೆ ನಸ್ಯನಾ?" ಅಂತ ಅವಳು ಕಣ್ಣು ಬಿಡೋದ್ರೊಳಗೆ ನಾನೇ ಕೈ ಹಾಕಿ ಚಿಟಿಕೆ ತಗಂಡು ಏರಿಸಿದೆ. ಜೋರಾಗಿ ಒಂದು ಸೀನು ಸೀನಿದೆ. ಒಳ್ಳೆ ಕೆಲ್ಸಕ್ಕೆ ಒಂಟಿ ಸೀನು ಕೆಟ್ಟದ್ದು. ಎತ್ತಿದ ಕೈಗಳೆಲ್ಲ ಹಂಗೇ ನಿಂತ್ವು. ಮುದುಕಿ ನನ್ನ ಕಡೆ ತಿರುಗಿದ್ಲು. ದೇವ್ರೇ ಗೆದ್ದೆ ಅನ್ನೋವಷ್ಟರಾಗೆ ಮೂಗು ತಡೀಲಿಲ್ಲ, ಇನ್ನೊಂದು ಬಂತು.

"ಜೋಡಿ ಸೀನು, ಶುಭ ಆತು, ಎತ್ರಪ್ಪ" ಅಂದ ಯಾರೋ. ಎಲ್ರೂ ನಕ್ರು. ಅತ್ತೆ ಅಂತೂ ನನ್ನ ಸೊಸೆ ಸೀನಿದ್ರೂ ಲೆಕ್ಕದಾಗೆ ಸೀನ್ತಾಳೆ ಅನ್ನೋ ತರ ಬೀಗಿದ್ಲು. ಅಂಥಾ ಹೊತ್ನಾಗೂ ನನಗೆ ನಗು ಬಂದುಬಿಡ್ತು, ಅದೇ ನನ್ನ ಹಣೆಬರಹ. ನಗ್ತಾ ನಗ್ತಾನೇ ಕಣ್ಣಾಗೆ ನೀರು ಇಳೀತಿತ್ತು. ನಸ್ಯದ್ದು ಅಂದ್ಕಂಡ್ರು.

ಚೌಕಟ್ಟು ಅರ್ಧ ಎದ್ದಿತ್ತು. ಇವ್ರು ಬಲಗಂಬದ ಹತ್ರ ನಿಂತು, ಓರೆ ಆಗ್ದಂಗೆ ತೂಕ ನೋಡ್ತಿದ್ರು. ಇನ್ನೇನೂ ತೋಚದೆ ಹೋಗಿ ಅವ್ರ ಕೈ ಹಿಡಿದು ಆ ಗಂಟಿನ ಮ್ಯಾಲೆ ಇಟ್ಟೆ. ನಾಕು ಜನರ ಮುಂದೆ ಗಂಡನ ಕೈ ಹಿಡಿಯೋದು ಅಂದ್ರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಯಾರೋ ಗಂಟಲು ಸರಿ ಮಾಡ್ಕಂಡ್ರು. ಇವ್ರ ಹೆಬ್ಬೆರಳ ಉಗುರು ಗಂಟಿನ ಸುತ್ತ ನಿಧಾನಕ್ಕೆ ಓಡ್ತು. ಕೆಳಕ್ಕೆ ಹೋಗಿ ನಿಲ್ತು. ಮುಖದ ಗೆಲುವು ಅಲ್ಲೇ ಆರಿ ಹೋಯ್ತು.

"ಇಳಿಸ್ರಪ್ಪ" ಅಂದ್ರು.

"ಏನಾತು ಆಚಾರಿ?" ಅಂದ ಗೌಡ.

"ಈ ಕಂಬ ತಲೆಕೆಳಗಾಗೈತೆ ಗೌಡ್ರೆ. ನನ್ ಕಣ್ಣು ಕಾಣವಲ್ವು."

ಅತ್ತೆ ಬಾಯಿ ತೆಗೆದೋಳು ಹಂಗೇ ಇದ್ಲು. ನಾನು ಕಂಡಂಗೆ ಅವಳಿಗೆ ಮಾತು ಸಿಗದೇ ಇದ್ದದ್ದು ಅದೇ ಮೊದ್ಲು. ಗೌಡ ಬಯ್ಯಲಿಲ್ಲ. ಬಯ್ದಿದ್ರೆ ಚೆನ್ನಾಗಿತ್ತು. ಮುದುಕಿ ಕೋಲು ಊರ್ಕಂಡು ಬಂದು ಇವ್ರ ಮುಖದ ಮುಂದೆ ಕೈ ಆಡಿಸಿ ನೋಡಿ, "ಎಷ್ಟು ದಿನದಿಂದ ಮಗಾ?" ಅಂದ್ಲು.

"ಬಾಳ ದಿನ ಆತು ತಾಯಿ."

"ಕುಂತ್ಕ. ಊಟ ಮಾಡ್ಕಂಡು ಹೋಗ್ರಿ" ಅಂದ್ಲು ಮುದುಕಿ. ಊಟ ಮಾಡಿದ್ವಿ. ಎಲೆ ಮುಂದೆ ಯಾರೂ ನಮ್ಮನ್ನ ಮಾತಾಡಿಸ್ಲಿಲ್ಲ.

ವಾಪಸ್ಸು ಬರೋವಾಗ ಗಾಡೀಲಿ ನಾನೇ ಕೇಳಿದೆ, "ಗಂಟು ಕೈಗೆ ಸಿಗ್ತಿತ್ತಲ್ರೀ. ಯಾಕೆ ನೋಡ್ಲಿಲ್ಲ?"

"ಎಡಗಂಬ ಕೈಯಾಗೆ ನೋಡ್ದೆ. ಬಲಗಂಬ ಬಣ್ಣ ನೋಡಿ ಇಟ್ಟೆ. ಕೆಂಪು ಕಾಣ್ತು ಅನ್ನಿಸ್ತು ಕಣೇ. ಒಂದನ್ನಾದ್ರೂ ಕಣ್ಣಾಗೆ ನೋಡಿ ಮಾಡಾಣ ಅಂತ."

ಅತ್ತೆ ಗಾಡಿಯ ಹಿಂದಕ್ಕೆ ಮುಖ ಮಾಡಿ ಕುಂತ್ಲು.

ಗೌಡ ಒಳ್ಳೆಯವ್ನು. ಅದೇ ಮರದ ಉಳಿಕೆ ತುಂಡಾಗೆ ಹೊಸದುರ್ಗದ ಬಡಗಿ ಹತ್ರ ಬಲಗಂಬ ಮಾಡಿಸಿ, ಉಳಿದಿದ್ದು ನಮ್ಮದೇ ಇಟ್ಕಂಡ. ಆದ್ರೆ ಸುದ್ದಿಗೆ ಬಸ್ಸು ಹತ್ತೋಕೆ ಟಿಕೆಟ್ಟು ಬ್ಯಾಡ ನೋಡ್ರಿ. ಮೊದ್ಲು ಬಾಗ್ಲು ಕಿಟಕಿ ಕೆಲ್ಸ ನಿಂತೋಯ್ತು. ಆಮೇಲೆ ಗಾಡಿ ಕೆಲ್ಸ. ಕುರುಡ ಕಟ್ಟಿದ ಮೂಕಿ ಅಂದ್ರೆ ಎತ್ತಿಗೂ ಭಯ ಅಂತ ಒಬ್ಬ ನಮ್ಮ ಚಪ್ಪರದ ಮುಂದೆನೇ ನಿಂತು ಹೇಳ್ದ. ಕೊನೆಗೆ ನೇಗಿಲು ಕಟ್ಟಿಸ್ಕಳೋರೂ ಇಲ್ಲ. ಮುರಿದ ಹಿಡಿಕೆ ಹಾಕಿಸ್ಕಳೋಕೆ ಬಂದೋರು ಅವ್ರನ್ನ ಕಂಡು, ಅಯ್ಯೋ ಪಾಪ ಅಂದು ಹಿಡಿಕೆ ಸಮೇತ ತಿರುಗಿ ಹೋಗೋರು. ಪಾಪ ಅಂದೋರು ಯಾರೂ ಕೆಲ್ಸ ಕೊಡ್ಲಿಲ್ಲ.

ನನಗೆ ಬಳೆ ಆಡಿಸೋ ಕೆಲ್ಸನೂ ತಪ್ತು, ಕ್ಷಯನೂ ವಾಸಿ ಆಯ್ತು.

ಮಗಳು ಹುಟ್ಟಿದ್ಲು. ಇವ್ರಿಗೆ ಅವಳ ಮುಖ ಕಂಡಿದ್ದು ಎಷ್ಟೋ, ನಾನು ಕೇಳ್ಲಿಲ್ಲ. ಬಾಚಿ ಬಿಟ್ರು. ಸಣ್ಣ ಚಾಕು ಹಿಡಿದು ಮುದ್ದೆ ತಿರುವೋ ಕೋಲು ಮಾಡೋಕೆ ಕುಂತ್ರು. ಅದಕ್ಕೆ ಬುಡನೂ ಇಲ್ಲ ತಲೆನೂ ಇಲ್ಲ, ಯಾವ ಕಡೆ ಹಿಡಿದ್ರೂ ಮುದ್ದೆ ಮುದ್ದೆನೇ. ಹುಣಸೆ ಕಟ್ಟಿಗೆ ಕೆತ್ತಿ, ಉಜ್ಜಿ, ಹರಳೆಣ್ಣೆ ಸವರಿ, ಕೆನ್ನೆಗೆ ಹಚ್ಚಿ ನುಣುಪು ನೋಡೋರು. ಅಷ್ಟು ಚೆಂದದ ಕೋಲು ಆ ಸೀಮೇಲಿ ಇರ್ಲಿಲ್ಲ. ಹೊಳಲ್ಕೆರೆ ಸಂತೇಲಿ ಮಗಳನ್ನ ಬೆನ್ನಿಗೆ ಕಟ್ಕಂಡು ಮಾರೋಕೆ ಕುಂತೆ. ಆದ್ರೆ ಒಂದು ಮುದ್ದೆ ಕೋಲು ಕೊಂಡ್ರೆ ಸೊಸೆ ಕಾಲಕ್ಕೂ ಆಗ್ತೈತೆ. ಎಲ್ರ ಮನೇಲೂ ಅತ್ತೆ ಕಾಲದ್ದು ಇತ್ತು. ಹೊತ್ಕಂಡು ಹೋದ ಕಟ್ಟು ಹಂಗೇ ಹೊತ್ಕಂಡು ಬರ್ತಿದ್ದೆ.

ಇವ್ರು ಕೇಳೋರು, "ಹೋದ್ವಾ?"

"ಹೋದ್ವು" ಅಂತಿದ್ದೆ. ಅತ್ತೆ ಕಟ್ಟನ್ನ ಸದ್ದಿಲ್ದಂಗೆ ಅಟ್ಟದ ಮ್ಯಾಲೆ ಇಡೋಳು. ಅವಳ ಬಾಯಿ ಕಟ್ಟಿದ್ದು ಆ ಒಂದು ವಿಷ್ಯಕ್ಕೆ ಮಾತ್ರ.

ಒಂದ್ಸಲ ಮಳೆ ಹಿಡ್ಕಂತು. ಹತ್ತಿಕಡ್ಡಿ ಒದ್ದೆ, ಬೆರಣಿ ಒದ್ದೆ. ಸಂಜೆ ಕೂಸು ಹಸಿದು ಅಳ್ತಿತ್ತು, ಒಲೆ ಹತ್ತವಲ್ದು. ಅತ್ತೆ ಊದಿ ಊದಿ ಸಾಕಾಗಿ ನನ್ನ ಮುಖ ನೋಡಿದ್ಲು. ಆಮೇಲೆ ಅಟ್ಟಕ್ಕೆ ಕೈ ಹಾಕಿ ಮುದ್ದೆ ಕೋಲಿನ ಕಟ್ಟು ಬಿಚ್ಚಿ ಒಲೆಗೆ ಇಟ್ಲು. ಎಣ್ಣೆ ಕುಡಿದ ಕಟ್ಟಿಗೆ, ಸರ್ರಂತ ಹತ್ಕಂತು. ನೀರು ಕುದೀತು, ಹಿಟ್ಟು ಬಿತ್ತು.

ಗೋಡೆಗೆ ಒರಗಿ ಮಗಳನ್ನ ತೊಡೆ ಮ್ಯಾಲೆ ಆಡಿಸ್ತಿದ್ದ ಇವ್ರು ಮುಖ ಎತ್ತಿದ್ರು.

"ಹರಳೆಣ್ಣೆ ವಾಸ್ನೆ ಬರ್ತೈತಲ್ಲ" ಅಂದ್ರು.

ಅತ್ತೆ ನನ್ನ ನೋಡಿದ್ಲು. ನಾನು ಅತ್ತೇನ ನೋಡಿದೆ. ಇಬ್ರಿಗೂ ಒಂದು ಸುಳ್ಳು ಸಿಗ್ಲಿಲ್ಲ. ಮುದ್ದೆ ಕಟ್ಟಿ ತಟ್ಟೆಗೆ ಹಾಕಿ ಮುಂದೆ ಇಟ್ಟೆ. ಇವ್ರು ತಡಕಿ ಮುರ್ಕಂಡು, ಒಂದೊಂದೇ ತುತ್ತು ನುಂಗಿದ್ರು. ಪೂರ್ತಿ ಉಂಡು ಕೈ ತೊಳ್ಕಂಡ ಮ್ಯಾಲೆ ಮಾತಾಡಿದ್ರು.

"ಕೋಲು ತುಸ ದಪ್ಪ ಆದ್ವು ಅಂತ ಕಾಣ್ತೈತೆ. ನಾಳೆಯಿಂದ ತೆಳ್ಳಗೆ ಮಾಡ್ತೀನಿ."

"ಹೂಂ, ತೆಳ್ಳಗೆ ಮಾಡ್ರಿ" ಅಂದೆ.