ಮೊತ್ತ ಕೇಳದೆ ಹಿಡಿದ ಎಲೆ ಅಡಿಕೆ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಪ್ರತಿ ಸಲವೂ ಬೇರೆ ಮಾತೆತ್ತಿ ತಪ್ಪಿಸಿಕೊಂಡಿದ್ದೇನೆ. ಹೊಸಪೇಟೆ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ನನ್ನಂಥ ಕೆಲಸ ಬಿಟ್ಟ ಮುದುಕರು ಸೇರಿದಾಗ ನಾನು ಹೇಳುವ ಕತೆಯೇ ಬೇರೆ. ಅದರಲ್ಲಿ ನಾನು ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಕೂಲಿ ಹೆಚ್ಚಿಸಿರೆಂದು ಸಾವುಕಾರರ ಎದುರು ಎದೆ ಸೆಟೆಸಿ ನಿಂತ ಗಂಡು. ಕೇಳಿದವರು ತಲೆದೂಗಿ, ನನ್ನ ಚಹಾದ ದುಡ್ಡನ್ನೂ ತಾವೇ ಕೊಡುತ್ತಾರೆ. ಹಾಗೆ ಪುಕ್ಕಟೆ ಕುಡಿದ ಚಹಾ ಸಾಕು. ನಡೆದದ್ದನ್ನು ಬರೆಯುತ್ತೇನೆ.

ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಒಂದೇ ಕಾರಣಕ್ಕೆ ನಾನು ಆ ಮಿಲ್ಲಿನ ಗುಮಾಸ್ತನಾಗಿದ್ದೆ. ಅಲ್ಲಿ ಸಂಬಳಕ್ಕೆ ಕಾಗದಪತ್ರ ಇರಲಿಲ್ಲ. ದೀಪಾವಳಿಯ ಪಾಡ್ಯದ ದಿನ ಯಂತ್ರಗಳ ಪೂಜೆ ಮುಗಿದ ಮೇಲೆ ಸಾವುಕಾರರು ಎಲ್ಲರೆದುರು ಮುಂದಿನ ವರ್ಷದ ಸಂಬಳ ಇಷ್ಟೆಂದು ಹೇಳಿ ಎಲೆ ಅಡಿಕೆ ಚಾಚುತ್ತಿದ್ದರು. ತೆಗೆದುಕೊಂಡರೆ ಒಪ್ಪಿದಂತೆ, ಮುಂದಿನ ಪಾಡ್ಯದವರೆಗೆ ತುಟಿ ಬಿಚ್ಚುವಂತಿಲ್ಲ. ತೆಗೆದುಕೊಳ್ಳದೆ ನಿಂತರೆ ಮಾತುಕತೆ ಇನ್ನೂ ಇದೆ ಎಂದು ಅರ್ಥ. ಹಾಗೆ ನಿಂತವರನ್ನು ನಾನಂತೂ ಕಂಡಿರಲಿಲ್ಲ.

ಎಲೆ ಅಡಿಕೆಗೆ ಮೊದಲು ಸಾವುಕಾರರದೊಂದು ಪ್ರವಚನ ಇರುತ್ತಿತ್ತು. ಕರೆಂಟ್ ಬಿಲ್ಲು, ಕಾಲುವೆಗೆ ತಡವಾಗಿ ಬಿಟ್ಟ ನೀರು, ಅಕ್ಕಿಗೆ ಬಿದ್ದ ಬೆಲೆ. ಪ್ರತಿ ವರ್ಷವೂ ಮಿಲ್ಲು ಮುಳುಗುತ್ತಿತ್ತು. ಮುಳುಗುತ್ತ ಮುಳುಗುತ್ತಲೇ ಅದು ಎರಡನೇ ಗೋದಾಮು ಕಟ್ಟಿಸಿತು, ಬಿಳಿ ಕಾರನ್ನೂ ಕೊಂಡಿತು. "ನೀವೆಲ್ಲ ನಮ್ಮ ಮನಿ ಮಂದಿ" ಎನ್ನುವಾಗ ಸಾವುಕಾರರ ಕಣ್ಣು ತೇವವಾಗುತ್ತಿತ್ತು. ಆ ಮನೆಯ ಮುಂಬಾಗಿಲು ದಾಟಿ ಒಳಗೆ ಹೋದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಬೇಯಿಸಿದ ಭತ್ತವನ್ನು ಸಿಮೆಂಟಿನ ಅಂಗಳದಲ್ಲಿ ಹರವಿ, ಬಿಸಿಲಲ್ಲಿ ಕಾಲಿನಿಂದ ತಿರುವಿ ಒಣಗಿಸುವುದು ಹನ್ನೆರಡು ಹೆಂಗಸರ ಕೆಲಸ. ಅವರಲ್ಲಿ ಮುಂದಾಳು ಹತ್ತಿರದ ಮೆಟ್ರಿ ಹಳ್ಳಿಯಿಂದ ಆಟೋದಲ್ಲಿ ಬರುತ್ತಿದ್ದ ಹೆಣ್ಣುಮಗಳು. ಗಂಡ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವನ ಗುಳಿಗೆಗೂ ಮನೆಯ ಒಲೆಗೂ ಆಕೆಯ ಕೂಲಿಯೊಂದೇ ದಿಕ್ಕು. ಪಾಡ್ಯಕ್ಕೆ ವಾರವಿದ್ದಾಗ, ಬುತ್ತಿ ಉಣ್ಣುವ ಹೊತ್ತಿಗೆ ನನ್ನ ಹತ್ತಿರ ಬಂದಳು.

"ಅಣ್ಣಾ, ಈ ಸಲ ದಿನಕ್ಕ ಐವತ್ತು ಜಾಸ್ತಿ ಕೇಳೋಣ. ಗಂಡಸರಿಗೆ ಕೊಟ್ಟಷ್ಟ ಕೊಡ್ರಿ ಅಂತೇನು ನಾವು ಕೇಳವಲ್ವಿ."

"ಐವತ್ತಂದ್ರ ಸಾವ್ಕಾರ್ರು ಅತ್ತುಬಿಡ್ತಾರ."

"ಅಳ್ಳಿ ಬಿಡು, ಒರೆಸಾಕ ನನ್ನ ಸೆರಗು ಕೊಡ್ತೀನಿ. ನೀ ಓದಿದಾಂವ, ಮುಂದ ನಿಂತು ಕೇಳು. ನೀ ಎಲಿ ಹಿಡಿಯೋತನಕ ನಮ್ಮಾಗ ಒಬ್ಬಾಕಿನೂ ಕೈ ಚಾಚಂಗಿಲ್ಲ."

ಒಪ್ಪಿಕೊಂಡೆ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡಿದೆ. ಹೆಂಡತಿ ಅಡುಗೆಮನೆಯಿಂದಲೇ, "ಕನ್ನಡಿಗೆ ಸಂಬಳ ಕೇಳಿದ್ರ ಏನು ಕೊಡತೈತಿ, ನಿಮ್ಮ ಮಾರಿನ ತಿರುಗಿ ಕೊಡತೈತಿ" ಅಂದಳು.

ಹೆಂಗಸರ ಮಾತು ಸಾವುಕಾರರ ಕಿವಿಗೆ ಬಿದ್ದಿರಬೇಕು. ಹಬ್ಬಕ್ಕೆ ಎರಡು ದಿನ ಮುಂಚೆ ನನ್ನನ್ನು ಆಫೀಸಿಗೆ ಕರೆಸಿದರು. ಇಪ್ಪತ್ತು ವರ್ಷ ನನ್ನನ್ನು 'ಲೇ' ಎಂದೇ ಕರೆದವರು ಅವತ್ತು, "ಬರ್ರಿ, ಕುಂದ್ರಿ" ಎಂದರು. ಎಡಬಲ ನೋಡಿದೆ, ನಾನಲ್ಲದೆ ಬೇರೆ ಯಾರೂ ಇರಲಿಲ್ಲ. ಕುರ್ಚಿಯ ತುದಿಯಲ್ಲಿ ಕುಳಿತೆ.

"ನಿಮ್ಮಂಥಾವ್ರು ಇನ್ನೂ ಗುಮಾಸ್ತರಾಗಿರೋದು ನನಗ ಸರಿ ಕಾಣವಲ್ದು. ಮ್ಯಾನೇಜರ್ ಅಂತ ಮಾಡೋಣ. ಸಂಬಳಾನೂ ಚಲೋ ನೋಡೋಣ. ಪಾಡ್ಯದ ದಿನ ಎಲಿ ನಿಮಗ ಮೊದಲ ಕೊಡ್ತೀನಿ. ದೊಡ್ಡಾವ್ರು ಹಿಡಿದ್ರ ಸಣ್ಣಾವ್ರೂ ಹಿಡೀತಾರ, ಅಲ್ಲೇನ್ರಿ?"

ನನಗೆ ಎಲ್ಲವೂ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು ಸುಳ್ಳು.

ಪಾಡ್ಯದ ದಿನ ಪೂಜೆ, ಪ್ರವಚನ, ಕಣ್ಣೀರು ಮುಗಿದವು. ಸಾವುಕಾರರು ಅಂಗಳದ ಹೆಂಗಸರಿಗೆ ದಿನಕ್ಕೆ ಹತ್ತು ರೂಪಾಯಿ ಹೆಚ್ಚು ಎಂದು ಸಾರಿ, ತಟ್ಟೆಯಿಂದ ಎಲೆ ಅಡಿಕೆ ಎತ್ತಿ, "ತಗೋರಿ ಮ್ಯಾನೇಜರ್ರ" ಎಂದು ನನ್ನತ್ತ ಚಾಚಿದರು. ಮ್ಯಾನೇಜರ್ ಎಂಬ ಶಬ್ದ ನಾಲ್ಕು ಜನರ ಎದುರು ಕಿವಿಗೆ ಬಿದ್ದದ್ದೇ ತಡ, ನನ್ನ ಎರಡೂ ಕೈ ತಾವಾಗಿಯೇ ಮುಂದೆ ಹೋದವು. ಹಿಡಿದದ್ದಷ್ಟೇ ಅಲ್ಲ, ಮಡಚಿ ಬಾಯಿಗೂ ಹಾಕಿಕೊಂಡೆ. ಅಭ್ಯಾಸ ಮಾಡಿದ ಭಾಷಣ ಅಡಿಕೆಯ ಜೊತೆ ದವಡೆಗೆ ಹೋಯಿತು. ಹನ್ನೊಂದು ಹೆಂಗಸರು ನನ್ನ ಮುಖ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಕೈ ಚಾಚಿದರು. ಮೆಟ್ರಿಯವಳು ಚಾಚಲಿಲ್ಲ.

"ಯಾಕವ್ವಾ, ನಿನಗ ಬ್ಯಾಡೇನು?" ಎಂದರು ಸಾವುಕಾರರು.

"ಅಣ್ಣ ಕೇಳ್ತೀನಿ ಅಂದಿದ್ದ ಧಣಿ. ಈಗ ಅವನ ಬಾಯಾಗ ಎಲಿ ಐತಿ. ಉಗುಳಿ ಬರ್ಲಿ, ನಿಂತಿರ್ತೀನಿ."

ಗಂಡಾಳುಗಳು ನಕ್ಕರು. ನಾನು ಉಗುಳಲಿಲ್ಲ, ನುಂಗಿದೆ. ಮಧ್ಯಾಹ್ನದವರೆಗೆ ನಿಂತು ಆಕೆ ಹೊರಟುಹೋದಳು. ಮರುದಿನ ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮೇಲೆ ಗೆರೆ ಎಳೆದದ್ದು ಮ್ಯಾನೇಜರಾಗಿ ನಾನು ಮಾಡಿದ ಮೊದಲ ಕೆಲಸ.

ಎರಡನೆಯದನ್ನು ಹೆಂಡತಿಗೂ ಹೇಳಿಲ್ಲ. ಆ ವಾರ ಇನ್ನೊಂದು ಮಿಲ್ಲಿನ ಗುಮಾಸ್ತ ಫೋನ್ ಮಾಡಿದ. "ನಿಮ್ಮ ಮೆಟ್ರಿ ಹೆಣ್ಮಗಳು ಕೆಲಸ ಕೇಳಾಕ ಬಂದಾಳ. ಹೆಂಗ?"

"ಕೆಲಸಕ್ಕೇನು ಗಟ್ಟಿ," ಎಂದೆ. "ಬಾಯಿ ಭಾಳ. ಉಳಿದವರನ್ನೂ ಕೆಡಸ್ತಾಳ."

ಹಾಗೆನ್ನಲು ನನಗೆ ಯಾರೂ ಹೇಳಿರಲಿಲ್ಲ, ಸಾವುಕಾರರೂ ಹೇಳಿರಲಿಲ್ಲ. ಆಮೇಲೆ ಮತ್ತೆರಡು ಮಿಲ್ಲುಗಳಿಂದ ಫೋನು ಬಂತು. ಅವರಿಗೂ ಅದನ್ನೇ ಹೇಳಿದೆ, ಪ್ರತಿ ಸಲ ಸ್ವಲ್ಪ ಉಪ್ಪುಖಾರ ಹೆಚ್ಚು ಮಾಡಿ.

ಇನ್ನು ನನ್ನ ಸಂಬಳದ ಕತೆ. ತಿಂಗಳ ಕೊನೆಗೆ ಲಕೋಟೆ ಒಡೆದರೆ ಹಳೆಯದರ ಮೇಲೆ ಐನೂರು. ಮೂರು ದಿನ ಧೈರ್ಯ ಕೂಡಿಸಿಕೊಂಡು ಹೋಗಿ, "ಚಲೋ ನೋಡೋಣ ಅಂದಿದ್ರಿ" ಎಂದೆ.

ಸಾವುಕಾರರು ಕನ್ನಡಕ ತೆಗೆದು ನನ್ನನ್ನು ಕನಿಕರದಿಂದ ನೋಡಿದರು. "ಎಲಿ ಹಿಡಿಯೋ ಮೊದಲ ಎಷ್ಟು ಅಂತ ಕೇಳಬೇಕಿತ್ತಲ್ರಿ. ಪದ್ಧತಿ ನಿಮಗ ಗೊತ್ತಿಲ್ಲೇನು?"

ಗೊತ್ತಿತ್ತು. ಆಳುಗಳಿಗೆಲ್ಲ ಆ ಪದ್ಧತಿಯನ್ನು ವಿವರಿಸುತ್ತಿದ್ದವನೇ ನಾನು. ಮೊತ್ತ ಕೇಳುವ ಮೊದಲೇ ಒಪ್ಪಿಕೊಂಡು, ಆಮೇಲೆ ಚೌಕಾಶಿಗೆ ಹೋದ ಗಂಡು ಕಂಪ್ಲಿಯಲ್ಲಿ ನಾನೊಬ್ಬನೇ ಇರಬೇಕು.

ವಯಸ್ಸಾದ ಮೇಲೆ ಕೆಲಸ ಬಿಟ್ಟು ಹೊಸಪೇಟೆಗೆ ಬಂದೆ. ಹೋದ ವರ್ಷ ಕಂಪ್ಲಿಯಲ್ಲಿ ಒಂದು ಮದುವೆ ಮುಗಿಸಿ ಬರುವಾಗ ಬಸ್ಸು ತುಂಬಿತ್ತು. ಕಿಟಕಿಯ ಬಳಿ ಕುಳಿತಿದ್ದ ಹೆಂಗಸು ಎದ್ದು, "ಕುಂದ್ರಣ್ಣಾ, ವಯಸ್ಸಾತು ನಿನಗ" ಎಂದಳು. ಆಕೆಯೇ. ಕೂದಲು ನನಗಿಂತ ಹೆಚ್ಚು ನರೆತಿತ್ತು. ನಾನು ಕುಳಿತೆ. ಸೀಟು ಕೊಟ್ಟರೆ ಬೇಡ ಎನ್ನುವ ಸ್ವಭಾವ ನನ್ನದಲ್ಲ.

ಕಮಲಾಪುರದ ಲಾಡ್ಜೊಂದರಲ್ಲಿ ರೂಮು ಒರೆಸುತ್ತೇನೆ ಎಂದಳು. ಗಂಡ ತೀರಿಹೋಗಿದ್ದ.

"ಮಿಲ್ಲು ಬಿಟ್ಟಮ್ಯಾಲ ನಾಕು ತಿಂಗಳ ಕೆಲಸಿರಲಿಲ್ಲಣ್ಣ. ಗುಳಿಗಿ ಬಿಡಿಸಿದ್ವಿ. ಕಂಪ್ಲಿಯಾಗ ಒಂದು ಮಿಲ್ಲಿನಾಗೂ ಕರೀಲಿಲ್ಲ ನೋಡು, ಯಾರೋ ಏನೋ ಹೇಳಿಬಿಟ್ಟಿದ್ರು."

ಆಕೆ ನನ್ನ ಮುಖ ನೋಡುತ್ತಿರಲಿಲ್ಲ, ಬಸ್ಸಿನ ಕಂಬಿ ಹಿಡಿದು ರಸ್ತೆ ನೋಡುತ್ತಿದ್ದಳು. ಹೇಳಿಬಿಡಲು ಕಮಲಾಪುರದವರೆಗೂ ಹೊತ್ತಿತ್ತು. ನಾನು ಹೇಳಿದ್ದು ಇಷ್ಟು: "ಮಂದಿ ಹಂಗ ಇರ್ತಾರ ಬಿಡವ್ವ."

"ಹೌದಣ್ಣ," ಎಂದು ಆಕೆ ಇಳಿದುಹೋದಳು.

ಆ ಯಾರೋ ನಾನೇ. ಸುತ್ತಿ ಬಳಸಿ ಇಷ್ಟು ಬರೆದರೂ ಎದುರು ನಿಂತು ಒಂದು ಮಾತು ಹೇಳಲಾಗದೆ ಉಳಿದದ್ದು ಆಕೆಯೊಬ್ಬಳಿಗೆ, ಮೆಟ್ರಿಯ ಆ ಹೆಣ್ಣುಮಗಳಿಗೆ.